ಹಾಸನ ಒಂದೇ, ಬೇಲೂರು ಮಾತ್ರ ಎರಡು: ಕನ್ನಡ ಫೈಲ್ ಹೆಸರಿನ ಗೊಂದಲ

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಹಾಸನ ಜಿಲ್ಲೆಯ ದೇವಸ್ಥಾನ, ಶಾಸನ, ವೀರಗಲ್ಲುಗಳ ಫೋಟೊ ಒಟ್ಟು ಮಾಡುತ್ತಿದ್ದೇವೆ. ತಾಲೂಕಿಗೊಂದು ಫೋಲ್ಡರ್, ಹೆಸರೆಲ್ಲ ಕನ್ನಡದಲ್ಲೇ. ನಾನು ಹಾಸನದಲ್ಲಿದ್ದೇನೆ, ನನ್ನದು ವಿಂಡೋಸ್. ಚಿಕ್ಕಮಗಳೂರಿನ ಗೆಳೆಯನದು ಮ್ಯಾಕ್, ಅವನು ಆರ್‌ಸಿಂಕ್‌ನಲ್ಲಿ (ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ನಕಲಿಸುವ ಟೂಲ್) ಕಳಿಸುತ್ತಾನೆ. ಎಲ್ಲವೂ ಕೊನೆಗೆ ಲಿನಕ್ಸ್ ಹಾಕಿದ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿ ಸೇರುತ್ತದೆ. ಈಗ ನೋಡಿದರೆ ಅದರಲ್ಲಿ ಬೇಲೂರು ಅಂತ ಎರಡು ಫೋಲ್ಡರ್ ಇವೆ. ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರವೂ ಎರಡೆರಡು. ಹಾಸನ, ಆಲೂರು, ಅರಕಲಗೂಡು, ಚನ್ನರಾಯಪಟ್ಟಣ ಮಾತ್ರ ಒಂದೊಂದೇ. ಹುಡುಕಿದರೆ ಅರ್ಧ ಸಿಗುತ್ತವೆ, ಅರ್ಧ ಸಿಗುವುದಿಲ್ಲ. ವೈರಸ್ ಇರಬಹುದಾ? ಎಲ್ಲವನ್ನೂ ಇಂಗ್ಲಿಷ್ ಹೆಸರಿಗೆ ಬದಲಾಯಿಸಿಬಿಡಿ ಅನ್ನುತ್ತಾರೆ ಕೆಲವರು. ಏನು ಮಾಡಲಿ?

ಉತ್ತರ: ವೈರಸ್ ಅಲ್ಲ, ಡಿಸ್ಕ್ ಕೂಡ ಕೆಟ್ಟಿಲ್ಲ. ನಿಮ್ಮ ಪಟ್ಟಿಯಲ್ಲೇ ಕಾರಣ ಕಾಣಿಸುತ್ತಿದೆ. ಎರಡೆರಡಾದ ಹೆಸರುಗಳನ್ನು ಇನ್ನೊಮ್ಮೆ ಓದಿ. ಬೇಲೂರಿನಲ್ಲಿ ಬೇ ಇದೆ, ಸಕಲೇಶಪುರದಲ್ಲಿ ಲೇ, ಅರಸೀಕೆರೆಯಲ್ಲಿ ಸೀ, ಹೊಳೆನರಸೀಪುರದಲ್ಲಿ ಹೊ ಮತ್ತು ಸೀ. ಒಂದೇ ಉಳಿದ ನಾಲ್ಕು ಹೆಸರುಗಳಲ್ಲಿ ಈ ಗುಣಿತಗಳು ಒಂದೂ ಇಲ್ಲ. ಜಿಲ್ಲೆಯ ಎಂಟು ತಾಲೂಕು ಸರಿಯಾಗಿ ಅರ್ಧಕ್ಕರ್ಧ ಹಂಚಿಹೋಗಿವೆ. ವೈರಸ್‌ಗೆ ಇಷ್ಟು ಕಾಗುಣಿತ ಬರುವುದಿಲ್ಲ ಬಿಡಿ.

ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳಿಗೂ ಕಂಪ್ಯೂಟರ್‌ಗಳು ಬಳಸುವ ಅಕ್ಷರಪಟ್ಟಿಯಲ್ಲಿ, ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಒಂದು ನಂಬರ್ ಇದೆ. ಬ ಅಂದರೆ 3244. ಏತ್ವ ಅಂದರೆ 3271. ಹಾಗಾದರೆ ಬೇ ಅಂದರೆ 3244, 3271. ಆದರೆ ಅದೇ ಏತ್ವವನ್ನು ಎರಡು ತುಂಡಾಗಿಯೂ ಬರೆಯಬಹುದು: ಮೊದಲು ಎತ್ವ, ಅದು 3270, ಆಮೇಲೆ ಪಕ್ಕದಲ್ಲಿ ದೀರ್ಘದ ಚಿಹ್ನೆ, ಅದು 3285. ನಾವು ಕೈಯಲ್ಲಿ ಬರೆಯುವುದೂ ಹಾಗೇ ಅಲ್ವಾ, ಬೆ ಬರೆದು ದೀರ್ಘ ಎಳೆಯುತ್ತೇವೆ. ಎರಡೂ ಬರಹ ಒಂದೇ ಅಂತ ಯುನಿಕೋಡ್ ಸ್ಪಷ್ಟವಾಗಿ ಹೇಳುತ್ತದೆ. ಪರದೆ ಮೇಲೆ ಫಾಂಟ್ ಎರಡನ್ನೂ ಒಂದೇ ಥರ ಕೂಡಿಸಿ ತೋರಿಸುತ್ತದೆ. ಹಾಗಾಗಿ ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಕನ್ನಡದಲ್ಲಿ ಹೀಗೆ ಒಡೆಯುವ ಗುಣಿತಗಳು ಐದು: ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ. ಅಂದರೆ ಕೀ, ಕೇ, ಕೈ, ಕೊ, ಕೋ. ಓತ್ವ ಪೂರ್ತಿ ಬಿಡಿಸಿದರೆ ಮೂರು ತುಂಡು: ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಚಿಹ್ನೆ. ಕೊಂಬಿನ ದೀರ್ಘ ತಾನಾಗಿ ಒಡೆಯುವುದಿಲ್ಲ, ಅದಕ್ಕೇ ಆಲೂರು, ಅರಕಲಗೂಡು ಬಚಾವಾದವು. ಔತ್ವವೂ ಒಡೆಯುವುದಿಲ್ಲ. ನಿಮ್ಮ ಗೆಳೆಯ ಚಿಕ್ಕಮಗಳೂರು ಜಿಲ್ಲೆಯ ಕೆಲಸ ಶುರು ಮಾಡಿದರೆ ಅಲ್ಲೂ ಇದೇ ಕಥೆ. ಕಡೂರು, ಮೂಡಿಗೆರೆ, ಕಳಸ, ಅಜ್ಜಂಪುರ ಒಂದೊಂದೇ ಇರುತ್ತವೆ. ತರೀಕೆರೆ, ಕೊಪ್ಪ, ಶೃಂಗೇರಿ ಎರಡಾಗುತ್ತವೆ. ಒಳಗಿನ ಫೋಲ್ಡರ್‌ಗಳನ್ನೂ ನೋಡಿಕೊಳ್ಳಿ. ದೇವಸ್ಥಾನ, ವೀರಗಲ್ಲು, ಫೋಟೊ ಮೂರೂ ಒಡೆಯುವ ಹೆಸರುಗಳೇ. ಶಾಸನ ಒಂದು ಗಟ್ಟಿ. ಕಲ್ಲಲ್ಲಿ ಕೊರೆದದ್ದು, ಗಟ್ಟಿ ಇರಲೇಬೇಕು!

ಕೂಡಿಸಿದ ರೂಪಕ್ಕೆ ತಾಂತ್ರಿಕವಾಗಿ ಎನ್‌ಎಫ್‌ಸಿ ಅನ್ನುತ್ತಾರೆ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು, ಮುಂದೆ ಟೂಲ್‌ಗಳಲ್ಲಿ ಇವೇ ಎದುರಾಗುತ್ತವೆ.

ಈಗ ಯಾರು ಏನು ಮಾಡುತ್ತಾರೆ ನೋಡೋಣ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗೆ) ಅಕ್ಷರಜ್ಞಾನವೇ ಇಲ್ಲ. ಅದಕ್ಕೆ ಹೆಸರು ಅಂದರೆ ಬರೀ ಬೈಟ್‌ಗಳ ಸಾಲು. ಪಹಣಿ ನೋಡುವ ಗುಮಾಸ್ತ ಸರ್ವೆ ನಂಬರ್ ನೋಡುತ್ತಾನೆಯೇ ಹೊರತು ತೋಟ ನೋಡುವುದಿಲ್ಲ, ಹಾಗೆ. ಕೂಡಿಸಿದ ಬೇಲೂರಿನಲ್ಲಿ ಆರು ಚಿಹ್ನೆ ಇವೆ. ಯುನಿಕೋಡ್ ನಂಬರನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಅಲ್ಲಿಗೆ 18 ಬೈಟ್. ಬಿಡಿಸಿದ ಬೇಲೂರಿನಲ್ಲಿ ಏಳು ಚಿಹ್ನೆ, 21 ಬೈಟ್. ಲಿನಕ್ಸ್‌ಗೆ ಇವು ಬೇರೆ ಬೇರೆ ಹೆಸರು, ಅಷ್ಟೇ. ತಕರಾರಿಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಬೇಕಾದ ಫೋಲ್ಡರ್‌ಗೆ ಮಾತ್ರ ಯುನಿಕೋಡ್ ಹೋಲಿಕೆ ಹಾಕುವ ಸೌಲಭ್ಯ ಬಂದಿದೆ. ಅದನ್ನು ನಾವಾಗಿ ಆನ್ ಮಾಡಬೇಕು.

ವಿಂಡೋಸ್‌ನ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್ ಕೂಡ ಇದೇ ಜಾತಿ. ಅದು ಯುಟಿಎಫ್-16ರಲ್ಲಿ ಇಡುತ್ತದೆ, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅಂತ ನೋಡುತ್ತದೆ. ಆದರೆ ಕೂಡಿಸುವ ಬಿಡಿಸುವ ಗೋಜಿಗೆ ಹೋಗುವುದಿಲ್ಲ. ವಿಂಡೋಸ್‌ನ ಕನ್ನಡ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಮಾಮೂಲಿಯಾಗಿ ಕೂಡಿಸಿದ ರೂಪವೇ ಬರುತ್ತದೆ. ಆದ್ದರಿಂದ ನೀವು ಹಾಸನದಿಂದ ಕಳಿಸಿದ್ದೆಲ್ಲ 18 ಬೈಟಿನ ಬೇಲೂರು.

ಮ್ಯಾಕ್‌ನದು ಬೇರೆ ದಾರಿ. 1998ರಲ್ಲಿ ಮ್ಯಾಕ್ ಓಎಸ್ 8.1ರ ಜೊತೆ ಬಂದ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ಸಿಸ್ಟಮ್ ಯಾವ ಹೆಸರು ಕೊಟ್ಟರೂ ಬಿಡಿಸಿಯೇ ಇಡುತ್ತಿತ್ತು. ನೀವು ಕೂಡಿಸಿ ಕೊಟ್ಟರೂ ಅದು ವಾಪಸ್ ಕೊಡುವಾಗ ಬಿಡಿಸಿ ಕೊಡುತ್ತದೆ. ಒಂದೇ ಹೆಸರಿಗೆ ಎರಡು ಫೋಲ್ಡರ್ ಹುಟ್ಟದಂತೆ ತಡೆಯುವುದು ಉದ್ದೇಶ. ನನ್ನ ಅಭಿಪ್ರಾಯ ಕೇಳಿದರೆ ಅದು ಒಳ್ಳೇ ಯೋಚನೆಯೇ. ಆದರೆ ಬೇರೆಯವರೆಲ್ಲ ಕೂಡಿಸಿದ್ದನ್ನೇ ಬಳಸುವಾಗ ತಾನೊಬ್ಬನೇ ಬಿಡಿಸಿದ್ದನ್ನು ಹಿಡಿದುಕೊಂಡದ್ದು ಗಡಿ ದಾಟುವಾಗ ತೊಂದರೆ ಮಾಡಿತು. 2017ರಲ್ಲಿ ಅದರ ಜಾಗಕ್ಕೆ ಎಪಿಎಫ್‌ಎಸ್ ಬಂತು. ಇದು ಕೊಟ್ಟ ರೂಪವನ್ನು ಹಾಗೇ ಉಳಿಸಿಕೊಳ್ಳುತ್ತದೆ, ಆದರೆ ಹೋಲಿಸುವಾಗ ಎರಡೂ ಒಂದೇ ಅಂತ ನೋಡುತ್ತದೆ. ಹಾಗಿದ್ದರೂ ಮ್ಯಾಕ್‌ನ ಫೈಲ್ ಮ್ಯಾನೇಜರ್ ಆದ ಫೈಂಡರ್‌ನಲ್ಲಿ ಫೋಲ್ಡರ್ ಮಾಡಿ ಹೆಸರಿಟ್ಟರೆ ಸಾಮಾನ್ಯವಾಗಿ ಒಳಗೆ ಬಿಡಿಸಿದ ರೂಪವೇ ಕೂರುತ್ತದೆ. ನಿಮ್ಮ ಗೆಳೆಯ ಆರ್‌ಸಿಂಕ್ ಓಡಿಸಿದಾಗ ಅದು ಇದ್ದ ಬೈಟ್‌ಗಳನ್ನು ಇದ್ದ ಹಾಗೇ ಲಿನಕ್ಸ್‌ಗೆ ಸಾಗಿಸಿತು. ಅಲ್ಲಿ 21 ಬೈಟಿನ ಎರಡನೇ ಬೇಲೂರು ಹುಟ್ಟಿತು. ನೀವು ಕೀಬೋರ್ಡ್‌ನಲ್ಲಿ ಬೇಲೂರು ಅಂತ ಹುಡುಕಿದರೆ 18 ಬೈಟಿನದು ಮಾತ್ರ ಸಿಗುತ್ತದೆ.

ಕೊರಿಯಾದವರಿಗೆ ಈ ತೊಂದರೆ ನಮಗಿಂತ ಮೊದಲೇ ಗೊತ್ತು. ಅವರ ಒಂದೊಂದು ಅಕ್ಷರವೂ ಎರಡು ಮೂರು ತುಂಡಾಗಿ ಒಡೆಯುತ್ತದೆ. ಮ್ಯಾಕ್‌ನಿಂದ ಬಂದ ಫೈಲ್ ವಿಂಡೋಸ್‌ನಲ್ಲಿ ಚೂರುಚೂರಾಗಿ ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿ ಫಾಂಟ್ ಮುಚ್ಚಿಹಾಕುತ್ತದೆ, ಅದಕ್ಕೇ ಜನ ವೈರಸ್ ಅಂದುಕೊಳ್ಳುತ್ತಾರೆ.

ಸರಿಪಡಿಸುವ ಮೊದಲು ಒಂದು ಎಚ್ಚರಿಕೆ. ಲಿನಕ್ಸ್‌ನಲ್ಲಿರುವುದನ್ನೆಲ್ಲ ಮ್ಯಾಕ್‌ಗೆ ಎಳೆದುಕೊಂಡು ಅಲ್ಲಿ ಸರಿ ಮಾಡೋಣ ಅಂತ ಹೊರಡಬೇಡಿ. ಮ್ಯಾಕ್‌ಗೆ ಎರಡೂ ಬೇಲೂರು ಒಂದೇ. ಆರ್‌ಸಿಂಕ್ ಆದರೆ ಎರಡನ್ನೂ ಒಂದೇ ಫೋಲ್ಡರ್‌ಗೆ ಸುರಿಯುತ್ತದೆ. ಎರಡರಲ್ಲೂ ಒಂದೇ ನಂಬರಿನ ಕ್ಯಾಮೆರಾ ಫೈಲ್ ಇದ್ದರೆ ಒಂದರ ಮೇಲೆ ಇನ್ನೊಂದು ಕೂತು ಹಳೆಯದು ಹೋಗುತ್ತದೆ. ಫೈಂಡರ್ ಆದರೆ ಬದಲಾಯಿಸಲೇ ಅಂತ ಕೇಳುತ್ತದೆ. ಅವಸರದಲ್ಲಿ ಹೂಂ ಅಂದರೆ ಒಂದು ಬೇಲೂರೇ ಮಾಯ. ಕೆಲಸವೆಲ್ಲ ಲಿನಕ್ಸ್ ಯಂತ್ರದಲ್ಲೇ ಆಗಲಿ. ಅದಕ್ಕೂ ಮುಂಚೆ ಇಡೀ ಸಂಗ್ರಹದ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ.

ಮೊದಲು ಎರಡರಲ್ಲಿ ಯಾವುದು ಯಾವುದು ಅಂತ ಪತ್ತೆ ಮಾಡಬೇಕು. ಟರ್ಮಿನಲ್‌ನಲ್ಲಿ ಫೋಲ್ಡರ್ ಪಟ್ಟಿಯನ್ನು ಓಡಿ (od) ಅನ್ನುವ ಪುಟ್ಟ ಟೂಲ್‌ಗೆ ಕೊಟ್ಟು ಬೈಟ್‌ಗಳನ್ನು ದಶಮಾಂಶದಲ್ಲಿ ತೋರಿಸು ಅಂದರೆ ಎಲ್ಲ ಬಯಲಾಗುತ್ತದೆ. ಎರಡೂ 224, 178, 172 ಅಂತಲೇ ಶುರುವಾಗುತ್ತವೆ, ಅದು ಬ. ಮುಂದಿನ ಮೂರು 224, 179, 135 ಇದ್ದರೆ ಕೂಡಿಸಿದ ಏತ್ವ. ಬದಲಿಗೆ 224, 179, 134 ಬಂದು ಅದರ ಹಿಂದೆಯೇ 224, 179, 149 ಬಂದರೆ ಬಿಡಿಸಿದ್ದು, ಮ್ಯಾಕ್‌ನಿಂದ ಬಂದದ್ದು. ಅದನ್ನು ಫೈಲ್ ಮ್ಯಾನೇಜರ್‌ನಲ್ಲಿ ತಾತ್ಕಾಲಿಕವಾಗಿ ಬೇಲೂರು-ಮ್ಯಾಕ್ ಅಂತ ಮರುಹೆಸರಿಸಿ. ಟರ್ಮಿನಲ್‌ನಲ್ಲೇ ಮಾಡುವವರು ಹೆಸರು ಟೈಪ್ ಮಾಡುವ ಬದಲು ಐನೋಡ್ ನಂಬರ್ (ಪ್ರತಿ ಫೈಲ್‌ಗೂ ಫೋಲ್ಡರ್‌ಗೂ ಫೈಲ್‌ಸಿಸ್ಟಮ್ ಕೊಡುವ ಗುರುತಿನ ನಂಬರ್) ಹಿಡಿದು ಮರುಹೆಸರಿಸುವುದು ಒಳ್ಳೇದು. ನೀವು ಟೈಪ್ ಮಾಡುವ ಬೇಲೂರು ಯಾವಾಗಲೂ ಕೂಡಿಸಿದ್ದೇ ಆಗಿರುತ್ತದೆ, ಇನ್ನೊಂದು ಕೈಗೇ ಸಿಗುವುದಿಲ್ಲ.

ಒಳಗಿನ ಫೈಲ್‌ಗಳಿಗೆ ಕಾನ್ವ್‌ಎಂವಿ ಅನ್ನುವ ಉಚಿತ ಟೂಲ್ ಇದೆ. ಯುಟಿಎಫ್-8ರಿಂದ ಯುಟಿಎಫ್-8ಗೆ, ರೂಪ ಎನ್‌ಎಫ್‌ಸಿ, ಒಳಗಿನ ಎಲ್ಲ ಫೋಲ್ಡರ್‌ಗೂ ಅಂತ ಹೇಳಿ ಓಡಿಸಿ. ಈ ಟೂಲ್‌ನ ಒಂದು ಗುಣ ನನಗೆ ಇಷ್ಟ: ಸುಮ್ನೆ ಓಡಿಸಿದರೆ ಏನನ್ನೂ ಬದಲಾಯಿಸುವುದಿಲ್ಲ, ಏನು ಬದಲಾಯಿಸುತ್ತೇನೆ ಅಂತ ಪಟ್ಟಿ ಮಾತ್ರ ಕೊಡುತ್ತದೆ. ಪಟ್ಟಿ ಓದಿ, ಸಮಾಧಾನ ಆದ ಮೇಲೆ ನೋಟೆಸ್ಟ್ ಆಯ್ಕೆ ಹಾಕಿ ಮತ್ತೆ ಓಡಿಸಿ. ಅದೇ ಹೆಸರಿನದು ಮೊದಲೇ ಇದ್ದರೆ ಅದರ ಹೆಸರು ಬದಲಾಯಿಸದೆ ಬಿಟ್ಟುಬಿಡುತ್ತದೆ. ಅದಕ್ಕೇ ಮೊದಲು ಬೇಲೂರು-ಮ್ಯಾಕ್ ಅಂತ ಬೇರೆ ಮಾಡಿಸಿದ್ದು. ಆಮೇಲೆ ಎರಡನ್ನೂ ಸೇರಿಸುವಾಗ ಆರ್‌ಸಿಂಕ್‌ಗೆ ಈಗಾಗಲೇ ಇರುವುದನ್ನು ಮುಟ್ಟಬೇಡ ಅಂತ ಹೇಳಿ. ಆಗ ಒಂದೇ ಹೆಸರಿನ ಎರಡು ಫೋಟೊಗಳಲ್ಲಿ ಮ್ಯಾಕ್‌ನದು ಬೇಲೂರು-ಮ್ಯಾಕ್‌ನಲ್ಲೇ ಉಳಿದಿರುತ್ತದೆ. ಅದು ನಿಜವಾಗಿ ಅದೇ ಫೋಟೊನಾ ಅಂತ ಕಣ್ಣಿಟ್ಟು ನೋಡಿದ ಮೇಲೆ ತಾತ್ಕಾಲಿಕ ಫೋಲ್ಡರ್ ತೆಗೆಯಿರಿ.

ಇಷ್ಟು ಮಾಡಿ ಬಿಟ್ಟರೆ ಮುಂದಿನ ವಾರ ಗೆಳೆಯ ಕಳಿಸಿದಾಗ ಎರಡನೇ ಬೇಲೂರು ಮತ್ತೆ ಹಾಜರ್. ಬಾಗಿಲಲ್ಲೇ ತಡೆಯಬೇಕು. ಆರ್‌ಸಿಂಕ್‌ನ 3ನೇ ಆವೃತ್ತಿಯಿಂದ ಐಕಾನ್ವ್ ಅನ್ನುವ ಆಯ್ಕೆ ಇದೆ. ಮ್ಯಾಕ್ ಕಡೆ ಯುಟಿಎಫ್-8-ಮ್ಯಾಕ್, ಲಿನಕ್ಸ್ ಕಡೆ ಯುಟಿಎಫ್-8 ಅಂತ ಕೊಟ್ಟರೆ ಹೆಸರುಗಳು ಹೋಗುವಾಗಲೇ ಕೂಡಿಕೊಳ್ಳುತ್ತವೆ. ಎಷ್ಟೋ ವರ್ಷ ಮ್ಯಾಕ್ ಜೊತೆ ಬರುತ್ತಿದ್ದದ್ದು 2.6.9 ಅನ್ನುವ ಹಳೇ ಆರ್‌ಸಿಂಕ್, ಅದರಲ್ಲಿ ಈ ಆಯ್ಕೆ ಇಲ್ಲ. ಮ್ಯಾಕ್‌ಗೆ ಇಂಥ ಟೂಲ್‌ಗಳನ್ನು ಹಾಕಿಕೊಡುವ ಹೋಮ್‌ಬ್ರೂ ಮೂಲಕ ಹೊಸದು ಹಾಕಿಸಿಕೊಳ್ಳಲಿ. ಗೆಳೆಯನಿಗೆ ಫೋನ್ ಮಾಡಿ ಹೇಳಬೇಕಾದದ್ದು ಇದೊಂದೇ. ಅವನು ಮ್ಯಾಕ್ ಬಿಡಬೇಕಾಗಿಲ್ಲ.

ಎನ್‌ಎಫ್‌ಸಿ ಮಾಡಿದರೂ ಸರಿಹೋಗದ ಜೋಡಿಗಳು ಕೆಲವು ಇವೆ. ನಮ್ಮ ಕನ್ನಡದಲ್ಲಿ ಇವು ಜಾಸ್ತಿ, ಮತ್ತು ಇವಕ್ಕೆ ಮ್ಯಾಕ್, ವಿಂಡೋಸ್ ಯಾವುದೂ ಕಾರಣ ಅಲ್ಲ. ಮುಖ್ಯವಾದದ್ದು ಸೊನ್ನೆ. ಶೃಂಗೇರಿಯ ಅನುಸ್ವಾರದ ನಂಬರ್ 3202. ಕನ್ನಡ ಅಂಕಿ ಸೊನ್ನೆಯ ನಂಬರ್ 3302. ನೋಡಲು ಎರಡೂ ಒಂದೇ ಗುಂಡು. ಹಳೇ ಫಾಂಟ್‌ನಿಂದ ಯುನಿಕೋಡ್‌ಗೆ ಪರಿವರ್ತಿಸಿದ ಬರಹಗಳಲ್ಲಿ, ಅವಸರದ ಟೈಪಿಂಗ್‌ನಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರುವುದು ತೀರಾ ಸಾಮಾನ್ಯ. ಅಜ್ಜಂಪುರ, ನರಸಿಂಹರಾಜಪುರದಂಥ ಹೆಸರುಗಳಲ್ಲಿ ಹೀಗಾದರೆ ಎರಡು ಫೋಲ್ಡರ್ ಗ್ಯಾರಂಟಿ. ಯುನಿಕೋಡ್ ಪ್ರಕಾರ ಇವು ನಿಜವಾಗಿಯೂ ಬೇರೆ ಅಕ್ಷರ, ಆದ್ದರಿಂದ ಮ್ಯಾಕ್ ಕೂಡ ಇವನ್ನು ಒಂದು ಮಾಡುವುದಿಲ್ಲ. ಅಂಕಿಗಳಿಗೆ 1, 2, 3 ಅಂತಲೇ ಬರೆಯುವ ರೂಢಿ ಇಟ್ಟುಕೊಂಡರೆ ಹೆಸರುಗಳಲ್ಲಿ ಸಿಗುವ ಕನ್ನಡ ಸೊನ್ನೆಯೆಲ್ಲ ತಪ್ಪೇ ಅಂತ ತಿಳಿದು ಒಂದೇ ಏಟಿಗೆ ಬದಲಾಯಿಸಬಹುದು.

ಇನ್ನೊಂದು, ಕಾಣದೇ ಇರುವ ಅಕ್ಷರ. ಎಸ್ಟೇಟ್‌ಗಳು ಅಂತ ಬರೆಯುವಾಗ ಟ ಕೆಳಗೆ ಗ ಒತ್ತು ಬೀಳದಿರಲಿ ಅಂತ ನಡುವೆ ಅಗಲವಿಲ್ಲದ ಒಂದು ಚಿಹ್ನೆ ಹಾಕುತ್ತೇವೆ. ಅಲ್ಲಿ ಅದು ಬೇಕೇ ಬೇಕು. ಆದರೆ ಎಸ್ಟೇಟ್ ಅಂತ ಪದ ಮುಗಿಯುವಾಗಲೂ ಕೆಲವು ಕೀಬೋರ್ಡ್‌ಗಳಲ್ಲಿ ಅದು ಕೊನೆಗೆ ಅಂಟಿಕೊಂಡುಬಿಡುತ್ತದೆ. ಹೆಸರಿನ ಕೊನೆಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಕಣ್ಣಿಗೆ. ಫೈಲ್‌ಸಿಸ್ಟಮ್‌ಗೆ ಬೇರೆ. ಹಳೇ ಎಚ್‌ಎಫ್‌ಎಸ್ ಪ್ಲಸ್ ಇಂಥ ಚಿಹ್ನೆಗಳನ್ನು ಹೋಲಿಕೆಯಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಸಂದಿಯಲ್ಲಿ ಒಂದು ಭದ್ರತಾ ತೂತು ಹುಟ್ಟಿ, 2014ರ ಡಿಸೆಂಬರ್‌ನಲ್ಲಿ ಪ್ರೋಗ್ರಾಮರ್‌ಗಳು ಕೋಡ್ ಕಾಪಿಡಲು ಬಳಸುವ ಗಿಟ್ ತಂತ್ರಾಂಶಕ್ಕೆ ತುರ್ತಾಗಿ ತೇಪೆ ಹಾಕಬೇಕಾಯಿತು. ನಿಮ್ಮ ಮಟ್ಟಿಗೆ, ಹೆಸರಿನ ಕೊನೆಯಲ್ಲಿರುವ ಈ ಚಿಹ್ನೆಯನ್ನು ತೆಗೆಯಿರಿ, ನಡುವಿನದನ್ನು ಮುಟ್ಟಬೇಡಿ.

ಇನ್ನು ಇಂಗ್ಲಿಷ್ ಹೆಸರಿನ ವಿಷಯ. ಅದು ನೆಗಡಿಯಾಯ್ತು ಅಂತ ಮೂಗು ಕೊಯ್ದುಕೊಂಡ ಹಾಗೆ. ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಂದು ಸರ್ಕಾರಿ ದಾಖಲೆಯಲ್ಲೇ ಬದಲಾಯಿತು, ಆದರೂ ಹಳೆಯದು ಇನ್ನೂ ಚಲಾವಣೆಯಲ್ಲಿದೆ. ಸಕಲೇಶಪುರವನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ. ಹಳೇಬೀಡಿನದೂ ಅದೇ ಪಾಡು. ಕನ್ನಡದ ಎರಡು ಬೇಲೂರನ್ನು ಟೂಲ್ ಒಂದು ಮಾಡುತ್ತದೆ, ಯಾಕೆಂದರೆ ಅವು ಒಂದೇ ಅನ್ನುವ ನಿಯಮ ಬರೆದಿಟ್ಟಿದೆ. ನಾಲ್ಕು ಸ್ಪೆಲ್ಲಿಂಗ್‌ನ ಸಕಲೇಶಪುರವನ್ನು ಒಂದು ಮಾಡುವ ನಿಯಮ ಎಲ್ಲೂ ಇಲ್ಲ. ಅದನ್ನು ನೀವೇ ಕೂತು ಮಾಡಬೇಕು. ಜೊತೆಗೆ ಇಂಗ್ಲಿಷ್‌ಗೆ ದೊಡ್ಡಕ್ಷರ ಚಿಕ್ಕಕ್ಷರದ ರಗಳೆ ಬೇರೆ, ಕನ್ನಡಕ್ಕೆ ಅದಿಲ್ಲ. ಒಂದೇ ಒಂದು ಕಡೆ ಇಂಗ್ಲಿಷ್ ಹೆಸರು ಒಪ್ಪುತ್ತೇನೆ: ತುಂಬಾ ಹಳೇ ವಿಂಡೋಸ್ ತಂತ್ರಾಂಶ ಬಳಸುತ್ತಿದ್ದರೆ. ಯುನಿಕೋಡ್‌ಗೆ ಮುಂಚಿನ ಅಂಥ ತಂತ್ರಾಂಶಗಳು ವಿಂಡೋಸ್‌ನ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಅಂತ ಹೇಳುವ ಹಳೇ ಪಟ್ಟಿ) ನಂಬಿ ಕೆಲಸ ಮಾಡುತ್ತವೆ. ಜಪಾನೀಸ್‌ಗೆ ಅಂಥದೊಂದು ಇತ್ತು, ಕನ್ನಡಕ್ಕೆ ಇರಲೇ ಇಲ್ಲ. ಆದ್ದರಿಂದ ಅವು ಕನ್ನಡ ಹೆಸರಿನ ಫೈಲ್ ತೆರೆಯುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಕೈಚೆಲ್ಲುತ್ತವೆ.

ಕನ್ನಡ ಹೆಸರು ಇಟ್ಟುಕೊಳ್ಳುವಾಗ ಉದ್ದದ ಮೇಲೆ ಕಣ್ಣಿರಲಿ. ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡಕ್ಕೆ ಅದು ಬರೀ 85 ಚಿಹ್ನೆ. ವಿಂಡೋಸ್‌ನಲ್ಲಿ 255 ಚಿಹ್ನೆ ಹಿಡಿಯುತ್ತದೆ. 85 ತುಂಬಾ ಆಯ್ತು ಅನಿಸಬಹುದು. ಆದರೆ ಸ್ತ್ರೀ ಅನ್ನುವ ಒಂದೇ ಅಕ್ಷರದಲ್ಲಿ ಆರು ಚಿಹ್ನೆ ಇವೆ, 18 ಬೈಟ್. ಊರು, ಹೋಬಳಿ, ದೇವಸ್ಥಾನ, ಶಾಸನದ ಕಾಲ ಎಲ್ಲವನ್ನೂ ಫೈಲ್ ಹೆಸರಿಗೇ ತುರುಕಿದರೆ ವಿಂಡೋಸ್‌ನಲ್ಲಿ ಉಳಿದದ್ದು ಲಿನಕ್ಸ್‌ನಲ್ಲಿ ಹೆಸರು ಉದ್ದವಾಯಿತು ಅಂತ ವಾಪಸ್ ಬರುತ್ತದೆ. ವಿವರಕ್ಕೆ ಒಂದು ಪಟ್ಟಿ ಬೇರೆ ಇಡಿ, ಹೆಸರು ಚಿಕ್ಕದಿರಲಿ.

ನಮ್ಮ ಬರವಣಿಗೆಯ ಇನ್ನೆರಡು ಅಭ್ಯಾಸಗಳೂ ವಿಂಡೋಸ್‌ಗೆ ಆಗಿಬರುವುದಿಲ್ಲ. ದಿ: 12/4 ಅಂತ ಬರೆದರೆ ಅದರ ವಿಸರ್ಗದಂಥ ಎರಡು ಚುಕ್ಕಿಯೂ ಬೇಡ, ಓರೆಗೆರೆಯೂ ಬೇಡ. ಬೇಲೂರು ತಾ. ಅಂತ ಚುಕ್ಕಿಯಲ್ಲಿ ಮುಗಿಸಿದರೆ ವಿಂಡೋಸ್ ಕೊನೆಯ ಚುಕ್ಕಿಯನ್ನು ಕಿತ್ತುಹಾಕುತ್ತದೆ, ಅಲ್ಲಿಗೆ ಅದು ಮತ್ತೊಂದು ಹೆಸರಾಯಿತು.

ಕೊನೆಯದಾಗಿ ಝಿಪ್. ಝಿಪ್ ಹುಟ್ಟಿದಾಗ ಯುನಿಕೋಡ್ ಇರಲಿಲ್ಲ. ಒಳಗಿನ ಹೆಸರು ಯುಟಿಎಫ್-8ರಲ್ಲಿದೆ ಅಂತ ತಿಳಿಸಲು ಆಮೇಲೆ ಒಂದು ಗುರುತಿನ ಬಿಟ್ ಸೇರಿಸಿದರು. ಕಳಿಸುವ ತಂತ್ರಾಂಶ ಆ ಗುರುತು ಹಾಕದಿದ್ದರೆ, ಬಿಚ್ಚುವ ತಂತ್ರಾಂಶ 437 ನಂಬರಿನ ಹಳೇ ಕೋಡ್‌ಪೇಜ್ ಅಂತ ಓದಬಹುದು. ಆಗ ಫೈಲ್ ಹೆಸರಿನಲ್ಲಿ ಸಾಲುಸಾಲಾಗಿ ಗ್ರೀಕ್ ಆಲ್ಫಾ ಕಾಣುತ್ತದೆ, ಪ್ರತಿ ಆಲ್ಫಾದ ಪಕ್ಕ ಮಾಸಲು ಚೌಕ ಅಥವಾ ನೇರ ಗೆರೆ. ಕನ್ನಡದ ಪ್ರತಿ ಚಿಹ್ನೆಯೂ 224 ಅನ್ನುವ ಬೈಟಿನಿಂದ ಶುರುವಾಗುತ್ತದಲ್ಲ, ಆ ಕೋಡ್‌ಪೇಜ್‌ನಲ್ಲಿ 224 ಅಂದರೆ ಆಲ್ಫಾ. ಹೀಗೆ ಕಂಡರೆ ಗಾಬರಿ ಬೇಡ, ಹೆಸರು ಹಾಳಾಗಿಲ್ಲ, ತಪ್ಪಾಗಿ ಓದಿದೆ ಅಷ್ಟೇ. ಸೆವೆನ್‌ಝಿಪ್‌ಗೆ ಕೋಡ್‌ಪೇಜ್ 65001 ಅಂತ ಹೇಳಿ ಮತ್ತೆ ಬಿಚ್ಚಿದರೆ ಕನ್ನಡವೇ ಬರುತ್ತದೆ. ಅದಕ್ಕೇ ಮೂಲ ಝಿಪ್ ಫೈಲನ್ನು ಬಿಚ್ಚಿದ ಕೂಡಲೇ ಅಳಿಸಬೇಡಿ. ಮ್ಯಾಕ್‌ನಿಂದ ಬಂದ ಝಿಪ್ ಆದರೆ, ಬಿಚ್ಚಿದ ಮೇಲೆ ಕಾನ್ವ್‌ಎಂವಿ ಒಂದು ಸಲ ಓಡಿಸಿ, ಒಳಗಿನ ಹೆಸರುಗಳೂ ಬಿಡಿಸಿದ ರೂಪದಲ್ಲೇ ಇರುವ ಸಾಧ್ಯತೆ ಜಾಸ್ತಿ.